ಅಕ್ಕಾ, ನಿನ್ನ ಎದೆನೋವು ಸುಳ್ಳಲ್ಲ

ರಾಣೆಬೆನ್ನೂರು
ಶಿವರಾತ್ರಿಗೆ ಮುಂಚಿನ ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನೆ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಡಾಕ್ಟರು ಇಸಿಜಿ ತಗದು ನೋಡಿದ್ರು, ಏನೂ ಇಲ್ಲ ಅಂದ್ರು. ಹಂಗಾರ ನಾ ಸುಳ್ಳ ಹೇಳಾಕತ್ತೇನೇನು ತಂಗಿ?" ಉತ್ತರ ಆಗಲೇ ಬಾಯಿಗೆ ಬಂದಿತ್ತು. ಆದರೆ ಫೋನ್ ಹಿಡಿದರೆ ನಮ್ಮಿಬ್ಬರ ಮಾತೂ ಬೇಗ ಅಳುವಿನಲ್ಲಿ ಮುಗಿಯುತ್ತದೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯಲು ಕೂತೆ. ಉದ್ದವಾದೀತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅಷ್ಟಷ್ಟೇ ಓದಿಕೋ.

ನೀನು ಸುಳ್ಳು ಹೇಳುತ್ತಿಲ್ಲ. ಎದೆ ಭಾರ ಎಂದರೆ ಭಾರವೇ. ಇಸಿಜಿಯಲ್ಲಿ ಏನೂ ಕಾಣಲಿಲ್ಲ ಎಂದರೆ ಆ ಗಳಿಗೆಯಲ್ಲಿ ಹೃದಯಾಘಾತದ ಗುರುತು ಸಿಗಲಿಲ್ಲ ಎಂದಷ್ಟೇ. ನೋವೇ ಇಲ್ಲ ಎಂದು ಆ ಕಾಗದ ಹೇಳುವುದಿಲ್ಲ, ಹೇಳಲು ಅದಕ್ಕೆ ಬರುವುದೂ ಇಲ್ಲ. ಹೊರಗೆ ಬಾಗಿಲತನಕ ಸಾಲು ನಿಂತಿರುವಾಗ ಡಾಕ್ಟರಿಗೆ ಇಷ್ಟನ್ನು ಬಿಡಿಸಿ ಹೇಳುವ ವ್ಯವಧಾನ ಇರುವುದಿಲ್ಲ. ನರ್ಸಾಗಿ ಇಷ್ಟು ವರ್ಷ ಅಂಥ ಸಾಲುಗಳ ಪಕ್ಕದಲ್ಲೇ ನಿಂತವಳು ನಾನು, ಬಲ್ಲೆ. ಆದರೂ ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿಗೆ "ಏನೂ ಇಲ್ಲ" ಅನ್ನಬಾರದು. ಎಲ್ಲ ಇದ್ದದ್ದು ಹೋಗಿದೆ, ಅದಕ್ಕೇ ಅಲ್ಲವೇ ಅವಳು ಬಂದಿರುವುದು.

ಮಾಮ ಹೋದಮೇಲೆ ನೀನು ಹೇಳಿದ್ದನ್ನೆಲ್ಲ ಒಂದೊಂದೇ ನೆನೆಸಿಕೊಂಡೆ. ಗಂಟಲು ಕಟ್ಟಿ ರೊಟ್ಟಿ ಇಳಿಯುವುದಿಲ್ಲ. ಕೂತಲ್ಲಿ ನಿಂತಲ್ಲಿ ನಿಟ್ಟುಸಿರು. ಹೊಟ್ಟೆ ಖಾಲಿ ಖಾಲಿ, ಹಸಿವು ಮಾತ್ರ ಇಲ್ಲ. ಕೊಡ ಎತ್ತಲು ಹೋದರೆ ರಟ್ಟೆಯಲ್ಲಿ ಬಲವಿಲ್ಲ. ಯಾರಾದರೂ ಮಾಮನ ಹೆಸರೆತ್ತಿದರೆ ಇವೆಲ್ಲ ಒಟ್ಟಿಗೇ ಏರಿ ಬಂದು, ಅರ್ಧ ತಾಸು ಹಿಂಡಿ, ಆಮೇಲೆ ತಾವಾಗಿಯೇ ಇಳಿಯುತ್ತವೆ.

ಹೀಗಾಗುವುದು ನಿನಗೊಬ್ಬಳಿಗೇ ಅಲ್ಲ. ಗುಂಡೇನಹಳ್ಳಿ ಕ್ರಾಸ್ ನೆನಪಿದೆಯಲ್ಲ? 2024ರ ಜೂನ್ 28, ಬೆಳಗಿನ ಜಾವ. ದೇವರಿಗೆ ಹೋಗಿ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿ ಕಡೆಗೆ ಮರಳುತ್ತಿದ್ದವರ ಗಾಡಿ ನಿಂತಿದ್ದ ಲಾರಿಗೆ ಬಡಿದು 13 ಜನ ಹೋದರು. ಸುದ್ದಿ ಕೇಳಿ ಮಾಮನೇ ನನಗೆ ಫೋನ್ ಮಾಡಿದ್ದರು, "ನಿಮ್ಮ ದವಾಖಾನಿಗೇನರ ಬಂದಾರೇನು?" ಎಂದು. ಅಮೆರಿಕದ ಬಾಸ್ಟನ್ನಿನಲ್ಲಿ 1942ರ ನವೆಂಬರ್ 28ರ ರಾತ್ರಿ ಅದಕ್ಕಿಂತ ಎಷ್ಟೋ ದೊಡ್ಡ ದುರಂತ ನಡೆದಿತ್ತು. ಕೋಕೋನಟ್ ಗ್ರೋವ್ ಎಂಬ ನೈಟ್ ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು, ತಮ್ಮವರನ್ನು ಕಳೆದುಕೊಂಡ ಜನರ ಜೊತೆ ಕೂತು ಮಾತಾಡಿದರು. ಅವರ ಮೈಗೆ ಏನೇನಾಗುತ್ತಿದೆ ಎಂದು ಕೇಳಿ ಕೇಳಿ ಬರೆದುಕೊಂಡು, 1944ರಲ್ಲಿ ಪ್ರಕಟಿಸಿದರು. ಗಂಟಲು ಬಿಗಿಯುವುದು, ಉಸಿರು ಸಾಲದಿರುವುದು, ನಿಟ್ಟುಸಿರು, ಹೊಟ್ಟೆ ಬರಿದಾದ ಭಾವ, ಸ್ನಾಯುಗಳಲ್ಲಿ ಬಲವಿಲ್ಲದಿರುವುದು, ಹೋದವರ ಮಾತು ಬಂದ ಕೂಡಲೇ ಇವೆಲ್ಲ ಅಲೆಯಾಗಿ ಎದ್ದು ಇಪ್ಪತ್ತು ನಿಮಿಷದಿಂದ ಒಂದು ತಾಸಿನವರೆಗೆ ಇರುವುದು. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತು. ಬ್ಯಾಡಗಿಯ ನಿನ್ನ ಅಡುಗೆಮನೆಯಲ್ಲಿ ಕೂತು ಬರೆದಹಾಗಿದೆ. ಎಂಬತ್ತು ವರ್ಷದ ಹಿಂದೆ, ನಿನ್ನ ಭಾಷೆ ಗೊತ್ತಿಲ್ಲದ ಹೆಂಗಸರು ನಿನ್ನ ಮಾತನ್ನೇ ಆಡಿದ್ದಾರೆ, ಅಕ್ಕಾ.

ಹೃದಯದ ವಿಷಯಕ್ಕೆ ಬರುತ್ತೇನೆ. ನಿನ್ನ ಹೆದರಿಕೆ ಇರುವುದು ಅಲ್ಲೇ.

ನಮ್ಮ ಕಡೆ "ಎದಿ ಒಡದು ಸತ್ಲು" ಅಂತಾರಲ್ಲ, ಅದರಲ್ಲಿ ನಿಜವಿದೆ. ದೊಡ್ಡ ಆಘಾತವಾದಾಗ ಅಡ್ರಿನಲಿನ್‌ನಂಥ ರಸಗಳು ರಕ್ತಕ್ಕೆ ಒಮ್ಮೆಲೇ ನುಗ್ಗುತ್ತವೆ. ಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ. ಹೃದಯಾಘಾತದಿಂದ ಬದುಕುಳಿದ ಸುಮಾರು ಎರಡು ಸಾವಿರ ಜನರನ್ನು ವಿಚಾರಿಸಿ ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹತ್ತಿರದವರು ಸತ್ತ ಮೊದಲ 24 ತಾಸಿನಲ್ಲಿ ಹೃದಯಾಘಾತದ ಅಪಾಯ ಮಾಮೂಲಿಗಿಂತ ಸುಮಾರು 21 ಪಟ್ಟು ಇರುತ್ತದೆ. ದಿನ ಕಳೆದಂತೆ ಇಳಿಯುತ್ತ ಹೋಗುತ್ತದೆ. ಇನ್ನೊಂದು ತೊಂದರೆಯನ್ನು ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದರು, ಟಾಕೊತ್ಸುಬೊ ಅಂತ ಅದರ ಹೆಸರು. ರಕ್ತನಾಳ ಕಟ್ಟಿರುವುದಿಲ್ಲ, ಆದರೆ ಹೃದಯದ ಎಡಭಾಗ ದಿಗಿಲುಬಿದ್ದು ಸರಿಯಾಗಿ ಹಿಂಡುವುದನ್ನೇ ಬಿಡುತ್ತದೆ, ತುದಿ ಉಬ್ಬಿಕೊಳ್ಳುತ್ತದೆ. ಹೆಚ್ಚಾಗಿ ಕಾಣುವುದು ಮುಟ್ಟು ನಿಂತ ಹೆಂಗಸರಲ್ಲಿ. ಚಿಕಿತ್ಸೆ ಸಿಕ್ಕರೆ ಬಹುತೇಕರು ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತಾರೆ.

ಇದನ್ನೆಲ್ಲ ಹೆದರಿಸಲು ಬರೆದಿಲ್ಲ. ಮಾಮ ಹೋದದ್ದು ಕಾರ್ತಿಕದಲ್ಲಿ. ಹೃದಯಾಘಾತದ ಅತಿ ಕೆಟ್ಟ ದಿನಗಳನ್ನು ನಿನ್ನ ಎದೆ ದಾಟಿದೆ. ಆದರೆ "ದುಃಖದಿಂದಲೇ ಆಗಿದ್ದು" ಎಂದು ಕೈಕಟ್ಟಿ ಕೂರುವುದನ್ನೂ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಹೆಂಡತಿ ಸತ್ತ, 55 ದಾಟಿದ 4,486 ಗಂಡಸರನ್ನು ಒಂಬತ್ತು ವರ್ಷ ಗಮನಿಸಿ 1969ರಲ್ಲಿ ವರದಿ ಮಾಡಿದರು. ಮೊದಲ ಆರು ತಿಂಗಳಲ್ಲಿ ಅವರ ಸಾವು ಅದೇ ವಯಸ್ಸಿನ, ಹೆಂಡತಿ ಇದ್ದವರಿಗಿಂತ ಶೇಕಡಾ 40ರಷ್ಟು ಹೆಚ್ಚಿತ್ತು, ಹೆಚ್ಚಳ ಎದ್ದು ಕಂಡದ್ದು ಹೃದಯದ ಕಾಯಿಲೆಯಲ್ಲೇ. ಆಮೇಲೆ ನಿಧಾನಕ್ಕೆ ಇಳಿದು ಎಲ್ಲರ ಮಟ್ಟಕ್ಕೆ ಬಂತು. ಆರು ತಿಂಗಳು, ಅಕ್ಕಾ. ಅಷ್ಟು ದಿನ ನಿನ್ನ ಮೈಯನ್ನು ಬಾಣಂತಿಯ ಮೈಯಂತೆ ಕಾಯಬೇಕು. ನೀನೋ ಬಿಪಿ ಗುಳಿಗೆಯನ್ನೇ ಮರೆತು ಕೂತಿದ್ದೀಯ. ಮೊನ್ನೆ ನಿನ್ನ ಸೊಸೆ ಹೇಳಿದಾಗ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಮಾಮ ಇದ್ದಾಗ ರಾತ್ರಿ ಊಟವಾದಮೇಲೆ ಅವರೇ ಗುಳಿಗೆ ಬಿಡಿಸಿ ನಿನ್ನ ಅಂಗೈಯಲ್ಲಿ ಇಡುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಯಿತು.

ಸೋಮವಾರ, ಗುರುವಾರ ನಾಲ್ಕು ಗಂಟೆಗೇ ಎಚ್ಚರವಾಗಿಬಿಡುತ್ತದೆ ಎಂದೆಯಲ್ಲ, ಅದರ ಬಗ್ಗೆ ತುಂಬ ಯೋಚಿಸಿದೆ. ಅವು ಮೆಣಸಿನಕಾಯಿ ಪೇಟೆಯ ದಿನ. ಎಷ್ಟು ವರ್ಷ ಮಾಮ ಅಡತಿ ಅಂಗಡಿಯ ಗುಮಾಸ್ತಿಕೆಗೆ ಆ ಎರಡು ದಿನ ನಸುಕಿನಲ್ಲೇ ಎದ್ದರು! ನೀನು ಚಹಾಕ್ಕಿಟ್ಟು, ಅವರು ಟವೆಲ್ಲು ಹೆಗಲಿಗೆ ಹಾಕಿ ಹೊರಡುವತನಕ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಈಗ ಎಬ್ಬಿಸುವವರಿಲ್ಲ, ಚಹಾ ಕೇಳುವವರಿಲ್ಲ, ಮೈ ಮಾತ್ರ ಬುಧವಾರ ಮಲಗಿ ಗುರುವಾರ ನಾಲ್ಕಕ್ಕೇ ಏಳುತ್ತದೆ. "ನನಗ ತಲಿ ಕೆಟ್ಟೈತೇನು?" ಎಂದು ಕೇಳಿದೆ. ಇಲ್ಲ. ಮೈರನ್ ಹೋಫರ್ ಎಂಬ ವಿಜ್ಞಾನಿ ಇಲಿಮರಿಗಳನ್ನು ತಾಯಿಯಿಂದ ಬೇರೆ ಮಾಡಿ ನೋಡಿದ್ದರು. ತಾಯಿಯ ಹಾಲು ನಿಂತದ್ದಕ್ಕೆ ಮರಿಗಳ ಹೃದಯಬಡಿತ ಇಳಿಯಿತು. ಅವಳ ಮೈಬಿಸಿ ಇಲ್ಲದ್ದಕ್ಕೆ ಮರಿಗಳ ಓಡಾಟ ಬದಲಾಯಿತು. ಜೊತೆಗಿದ್ದ ಜೀವ ನಮಗೆ ಗೊತ್ತಿಲ್ಲದೆಯೇ ನಮ್ಮ ಮೈಯ ಎಷ್ಟೋ ವ್ಯವಹಾರ ನಡೆಸುತ್ತಿರುತ್ತದೆ, ಅದು ಹೋದಾಗ ಎಲ್ಲದರ ಲೆಕ್ಕವೂ ತಪ್ಪುತ್ತದೆ ಎಂದು 1984ರಲ್ಲಿ ಮನುಷ್ಯರ ವಿಯೋಗದ ಬಗ್ಗೆಯೂ ಅವರು ಬರೆದರು. ನಿನ್ನ ನಿದ್ದೆ, ಹಸಿವು, ಗುಳಿಗೆಯ ಹೊತ್ತು, ಇವೆಲ್ಲ ಮಾಮನ ಜೊತೆ ಕೂಡಿಕೊಂಡು ಬೆಳೆದವು. ಅವರು ಎದ್ದು ಹೋದರು, ಇವು ಇನ್ನೂ ಅವರನ್ನೇ ಕೇಳುತ್ತಿವೆ. ನಾಲ್ಕಕ್ಕೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡಬೇಡ. ಎದ್ದು ಚಹಾ ಮಾಡಿಕೋ, ನನಗೆ ಫೋನ್ ಮಾಡು. ರಾತ್ರಿ ಪಾಳಿ ಇದ್ದರೆ ಎಚ್ಚರವಾಗಿಯೇ ಇರುತ್ತೇನೆ, ಇಲ್ಲದಿದ್ದರೂ ಏಳುತ್ತೇನೆ.

ನಿನ್ನ ಕೆಮ್ಮು ಇನ್ನೂ ಬಿಟ್ಟಿಲ್ಲವಲ್ಲ, ಅದಕ್ಕೂ ದುಃಖ ಒಂದು ಕಾರಣವಿರಬಹುದು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ರಕ್ತದಲ್ಲಿ ರೋಗ ತಡೆಯುವ ಕಣಗಳು ಕೆಲವು ವಾರಗಳ ಮೇಲೆ ಮಂದವಾಗಿದ್ದವು ಎಂದು ಆಸ್ಟ್ರೇಲಿಯಾದ ವೈದ್ಯರು 1977ರಲ್ಲೇ ತೋರಿಸಿದ್ದಾರೆ. ಆದರೂ ಇಷ್ಟು ದಿನದ ಕೆಮ್ಮಾದ್ದರಿಂದ ಕಫ ಪರೀಕ್ಷೆ ಮಾಡಿಸೋಣ. ಎಲ್ಲವನ್ನೂ ದುಃಖದ ಖಾತೆಗೇ ಬರೆಯಬಾರದು.

ಅಪ್ಪ ಹೋದಾಗ ಅವ್ವನಿಗೆ ಹೀಗೇ ಆಗಿತ್ತು, ನಿನಗೆ ನನಗಿಂತ ಚೆನ್ನಾಗಿ ನೆನಪಿರಬೇಕು. ಮೂರು ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಬೀಗರು, ಅಕ್ಕಪಕ್ಕದವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಸಣ್ಣವ್ವ ಅವ್ವನ ಮಗ್ಗುಲಿಗೆ ಕೂತು, ರೊಟ್ಟಿ ಸಣ್ಣಗೆ ಮುರಿದು ಮಜ್ಜಿಗೆಯಲ್ಲಿ ನೆನೆಸಿ, ಅದು ಮೆತ್ತಗಾಗುವತನಕ ಬೆರಳಿಂದ ಕಿವುಚಿ ಕಿವುಚಿ, "ಎರಡ ತುತ್ತು, ಎವ್ವಾ, ನನ್ನ ಸಲುವಾಗಿ" ಎಂದು ಬಾಯಿಗೆ ಇಡುತ್ತಿದ್ದಳು. ಅವ್ವ ನುಂಗುವತನಕ ಮುಂದಿನ ತುತ್ತು ಎತ್ತುತ್ತಿರಲಿಲ್ಲ. ಹೆಂಗಸರು ಬಂದು ಕೊರಳು ಹಿಡಿದುಕೊಂಡು ಹಾಡ್ಯಾಡಿ ಅಳುತ್ತಿದ್ದರು. ಅವ್ವನೂ ಅವರ ರಾಗ ಹಿಡಿದು, ಅಪ್ಪನ ಒಂದೊಂದು ಗುಣ ಹೇಳಿ ಹೇಳಿ ಅಳುತ್ತಿದ್ದಳು. ಚಿಕ್ಕವಳಾಗಿದ್ದಾಗ ನನಗೆ ಅದು ಹೆದರಿಕೆ ಹುಟ್ಟಿಸುತ್ತಿತ್ತು. ಈಗ ಅನ್ನಿಸುತ್ತದೆ, ಕಟ್ಟಿದ ಗಂಟಲಿಗೂ ಹಿಡಿದಿಟ್ಟ ಉಸಿರಿಗೂ ಅಷ್ಟು ದೀರ್ಘವಾಗಿ ರಾಗ ಎಳೆಯುವುದು ಎಷ್ಟು ಬೇಕಾಗಿತ್ತು! ನಮ್ಮ ಹಿರಿಯರು ಸಾವಿನ ಮನೆಗೆ ಮಾಡಿಟ್ಟ ಪದ್ಧತಿಗಳಲ್ಲಿ ಬಹಳಷ್ಟು ಉಳಿದವರ ಮೈಯನ್ನು ನೋಡಿಕೊಳ್ಳುವ ಪದ್ಧತಿಗಳೇ. ಉಣಿಸುವುದು, ಒಬ್ಬಳನ್ನೇ ಮಲಗಲು ಬಿಡದಿರುವುದು, ಮಾತಾಡಿಸಲು ಬರುವುದು.

ನನ್ನ ತಕರಾರು ಇರುವುದು ಈ ಆರೈಕೆ ಬೇಗ ಮುಗಿಯುತ್ತದೆ ಎಂಬುದರ ಮೇಲೆ. ದಿವಸ ಮಾಡಿ, ಶಿವಗಣಾರಾಧನೆಯ ಊಟ ಬಡಿಸಿ, ಎಲ್ಲರೂ ಬಸ್ಸು ಹತ್ತಿದರು. ಮೈಗೆ ನಿಜವಾಗಿ ತಿಳಿಯಲು ಶುರುವಾಗುವುದು ಆಮೇಲೆ. ನಿನ್ನ ಮನೆಗೆ ಮಾತಾಡಿಸಲು ಕಾರ್ತಿಕದಲ್ಲಿ ಬಂದಷ್ಟು ಜನ ಈಗ ಬರಬೇಕಿತ್ತು.

ಮತ್ತೆ ನಿನ್ನನ್ನು ಒಳಕೋಣೆಯಲ್ಲಿ ಕೂರಿಸಿದ ಮಾತು. ಮಾಮನ ಮನೆಯ ಹಿರಿಯರು ನಿನಗೆ "ಹೊರಗ ಅಡ್ಡಾಡಬ್ಯಾಡ, ಮಂದಿ ಏನಂತಾರ" ಎಂದರಂತೆ. ಶುಭಕಾರ್ಯಕ್ಕೆ ಮುಂದೆ ಬರಬೇಡ ಅಂದರಂತೆ. ಇದನ್ನು ನಾನು ಪದ್ಧತಿ ಎಂದು ಗೌರವಿಸಲಾರೆ. ಬಿಸಿಲು ಕಾಣದೆ, ನಡೆಯದೆ, ಯಾರೊಡನೆಯೂ ನಗದೆ ಕೂತ ಮೈಗೆ ನಿದ್ದೆ ಬರುವುದಿಲ್ಲ, ನಿದ್ದೆಯಿಲ್ಲದ ಮೈಯಲ್ಲಿ ಬಿಪಿಯೂ ನಿಲ್ಲುವುದಿಲ್ಲ. ನಮ್ಮ ಗಡಿಯಾಚೆಗೇ, ಕೊಲ್ಹಾಪುರ ಜಿಲ್ಲೆಯ ಹೆರವಾಡದ ಗ್ರಾಮ ಪಂಚಾಯತಿ 2022ರ ಮೇ ತಿಂಗಳಲ್ಲಿ ಠರಾವು ಮಾಡಿತು: ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕಾಲುಂಗುರ ತೆಗೆಸುವುದು ನಮ್ಮೂರಲ್ಲಿ ಇನ್ನು ಬೇಡ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯತಿಗಳಿಗೂ ಹೀಗೇ ಮಾಡಿ ಎಂದು ಸುತ್ತೋಲೆ ಕಳಿಸಿತು. ಒಂದು ಹಳ್ಳಿ ಕೂತು ಮಾತಾಡಿ ಇಷ್ಟು ಮಾಡಿತಲ್ಲ ಅಕ್ಕಾ, ನಮ್ಮ ಮನೆಯವರು ನಾಲ್ಕು ಜನ ಕೂತು ಮಾತಾಡಲಾಗದೇ? ನಾನು ಬಂದಾಗ ಅವರ ಮುಂದೆ ಈ ಮಾತು ಎತ್ತುತ್ತೇನೆ. ನೀನು ಸುಮ್ಮನಿರು, ನಾನೇ ಮಾತಾಡುತ್ತೇನೆ.

ಮಗ್ಗುಲ ಮನೆಯವರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಕರೆದಿದ್ದಾರೆ, ಹೋಗಲೋ ಬೇಡವೋ ಅಂದೆಯಲ್ಲ. ಹೋಗು. ಈಗ ಸುಗ್ಗಿ, ಪೇಟೆ ತುಂಬಿದೆ. ಮದುವೆಯಾದ ಹೊಸತರಲ್ಲಿ ನೀನು ಹೋಗುತ್ತಿದ್ದುದನ್ನು ನಾನು ನೋಡಿದ್ದೇನೆ. ಡಬ್ಬಿ ಕಾಯಿ ಒಂದು ಕಡೆ, ಕಡ್ಡಿ ಕಾಯಿ ಒಂದು ಕಡೆ, ಬಿಳಿಚಿದ್ದು ಇನ್ನೊಂದು ಕಡೆ. ಹೆಬ್ಬೆರಳಿನ ಉಗುರಿನಿಂದ ತೊಟ್ಟು ಚಿಮ್ಮಿಸುವ ನಿನ್ನ ಕೈ ಮಾತಿನ ನಡುವೆ ನಿಲ್ಲುತ್ತಲೇ ಇರಲಿಲ್ಲ. ಸಂಜೆಗೆ ಬೆರಳ ಸಂದಿಯೆಲ್ಲ ಕೆಂಪು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ, ಆದರೂ ಒಣಕಾಯಿಯ ಧೂಳು ಯಾರನ್ನೂ ಬಿಡುವುದಿಲ್ಲ. ಆ ಗೋದಾಮಿನಲ್ಲಿ ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಮೂಗೂ ಕೆಂಪು. ಅಲ್ಲಿ ನೀನು ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ, ಯಾಕೆ ಅಂತ ಕೇಳುವುದಿಲ್ಲ. ನಕ್ಕರೂ ಹಾಗೆಯೇ. ನಕ್ಕುಬಿಟ್ಟರೆ ಮಾಮನಿಗೆ ದ್ರೋಹವಾಯಿತು ಅಂದುಕೊಳ್ಳಬೇಡ. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಎಂಬ ನೆದರ್‌ಲ್ಯಾಂಡ್ಸಿನ ಇಬ್ಬರು ಸಂಶೋಧಕರು 1999ರಲ್ಲಿ ಇದನ್ನೇ ಹೇಳಿದರು: ಕಳೆದುಕೊಂಡವರು ಒಂದಷ್ಟು ಹೊತ್ತು ದುಃಖದ ಕಡೆ, ಒಂದಷ್ಟು ಹೊತ್ತು ಬದುಕಿನ ಕಡೆ ಹೋಗಿ ಬಂದು ಮಾಡುತ್ತಿರುತ್ತಾರೆ, ಆ ಹೋಗಿಬರುವಿಕೆಯೇ ಆರೋಗ್ಯ. ಒಂದೇ ಕಡೆ ಸಿಕ್ಕಿಬಿದ್ದಾಗ ತೊಂದರೆ. ಕೆಮ್ಮು ಇರುವತನಕ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಮಾತ್ರ ಕೂರಬೇಡ.

ಮಾಮನ ಟವೆಲ್ಲು ತೊಳೆಯದೆ ಟ್ರಂಕಿನಲ್ಲಿಟ್ಟಿದ್ದೀಯಂತೆ. ಇಟ್ಟುಕೋ. ಸೊಸೆಗೆ ನಾನು ಹೇಳಿದ್ದೇನೆ, ಅದನ್ನು ಮುಟ್ಟಬೇಡ ಎಂದು. ಆ ಬಟ್ಟೆಯ ಖಾರದ ಘಾಟು ನಿನಗೆ ಎಷ್ಟು ದಿನ ಬೇಕೋ ಅಷ್ಟು ದಿನ ಅದು ಅಲ್ಲಿರಲಿ. ಅವರ ಲೆಕ್ಕದ ಪುಸ್ತಕಗಳನ್ನು ಏನು ಮಾಡಲಿ ಎಂದು ಕೇಳಿದ್ದೆ, ಅದಕ್ಕೂ ಅವಸರವಿಲ್ಲ.

ಇಲ್ಲೇ ಹತ್ತಿರದ ಚಳಗೇರಿಯ ಮನೆಯೊಂದು ಈಗೀಗ ನನಗೆ ಪದೇ ಪದೇ ನೆನಪಾಗುತ್ತದೆ. ಡಾಕ್ಟರಾಗಲು ಉಕ್ರೇನಿಗೆ ಹೋಗಿದ್ದ ಹುಡುಗ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ. ಮೃತದೇಹ ಊರು ಮುಟ್ಟಿದ್ದು ಮಾರ್ಚ್ 21ಕ್ಕೆ. ಅಷ್ಟು ದಿನ ಮುಖ ನೋಡದೆ, ಮುಟ್ಟದೆ, ಮಣ್ಣು ಕೊಡದೆ ಕಾಯುವುದು ಹೇಗಿರುತ್ತದೆ ಎಂದು ಹೇಳಲು ನನಗೆ ಅರ್ಹತೆಯಿಲ್ಲ. ಕೊನೆಗೆ ಮನೆಯಲ್ಲಿ ಪೂಜೆ ಮುಗಿಸಿ, ತಂದೆತಾಯಿ ಆ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು, ಬೇರೆ ಮಕ್ಕಳು ಕಲಿಯಲಿ ಎಂದು. ಅಂಥ ದೊಡ್ಡ ಕೆಲಸ ನೀನೂ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಮಾಮನ ಮುಖ ನೋಡಿ, ಕೈಯಾರೆ ವಿಭೂತಿ ಹಚ್ಚಿ ಕಳಿಸಲು ನಿನಗೆ ಸಿಕ್ಕಿತು. ನಿನಗೆ ನಿದ್ದೆ ಬಾರದ ರಾತ್ರಿಗಳಲ್ಲಿ ಅದೊಂದನ್ನು ನೆನೆಸಿಕೋ ಎಂದು ಬರೆದೆ.

ಇನ್ನು ಕಟ್ಟುನಿಟ್ಟಿನ ಮಾತು, ಇದನ್ನು ಮಾತ್ರ ಸೊಸೆಗೂ ಓದಿ ಹೇಳು. ಎದೆನೋವು ಎಡತೋಳಿಗೋ ದವಡೆಗೋ ಹರಿದರೆ, ಬೆವರು ಕಿತ್ತು ಬಂದರೆ, ಉಸಿರು ಕಟ್ಟಿದರೆ, "ಇದು ದುಃಖದ ನೋವು, ಹೋಗತೈತಿ" ಎಂದು ಮಲಗಬೇಡ. 108ಕ್ಕೆ ಫೋನ್ ಮಾಡಿಸು. ಹಿಂದೆ ಇಸಿಜಿ ಸರಿಯಿತ್ತು ಎಂಬುದು ಅವತ್ತಿಗೆ ಲೆಕ್ಕಕ್ಕಿಲ್ಲ. ಎರಡನೆಯದು, ಬದುಕಿ ಏನು ಮಾಡಲಿ ಎನ್ನುವ ಯೋಚನೆ ಒಮ್ಮೆ ಬಂದರೂ ನನಗೆ ಹೇಳು. ನನಗೆ ಹೇಳಲು ಬಾಯಿ ಬರದಿದ್ದರೆ 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಟೆಲಿ-ಮಾನಸ್, ದುಡ್ಡಿಲ್ಲ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ. ವರ್ಷ ಕಳೆದರೂ ಈ ಬಿಗಿ ಸಡಿಲವಾಗದೆ ದಿನದ ಬದುಕೇ ನಿಂತುಹೋದರೆ ಅದಕ್ಕೂ ಚಿಕಿತ್ಸೆಯಿದೆ. ಅಷ್ಟು ದೂರ ಹೋಗಲಾರದು ಎಂದು ನನ್ನ ನಂಬಿಕೆ. ಹೋದರೂ ನಾನಿದ್ದೇನೆ.

ಶಿವರಾತ್ರಿ ಮುಗಿದ ಮರುದಿನ ನನಗೆ ರಜೆ. ಬೆಳಗಿನ ಬಸ್ಸಿಗೆ ಬ್ಯಾಡಗಿಗೆ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ಎಕೋ ಮಾಡಿಸೋಣ, ಥೈರಾಯ್ಡ್, ಸಕ್ಕರೆ, ರಕ್ತ ಎಷ್ಟಿದೆ ಎಲ್ಲ ನೋಡಿಸೋಣ. ಎಂಟು ದಿನ ಇದ್ದು ಹೋಗು. ಮಗನಿಗೆ ಬೆಂಗಳೂರಿಗೆ ನಾನೇ ಫೋನ್ ಮಾಡಿ ತಿಳಿಸಿದ್ದೇನೆ, "ಕರಕೊಂಡು ಹೋಗು ಚಿಗವ್ವ" ಎಂದಿದ್ದಾನೆ. ಹಳೆಯ ಚೀಟಿಗಳು, ಮೊನ್ನೆಯ ಇಸಿಜಿ ಕಾಗದ, ಗುಳಿಗೆಯ ಖಾಲಿ ಹಾಳೆ ಇದ್ದರೆ ಅದೂ, ಒಂದು ಚೀಲದಲ್ಲಿ ಹಾಕಿಡು. ಬ್ಯಾಂಕಿನ ಪಾಸ್‌ಬುಕ್ಕು, ಮಾಮನ ಮರಣ ಪ್ರಮಾಣಪತ್ರ, ಎರಡು ಫೋಟೋ ತೆಗೆದುಕೋ, ವಿಧವಾ ವೇತನದ ಅರ್ಜಿಯನ್ನು ಇಲ್ಲೇ ಕೂತು ತುಂಬೋಣ. ರೊಟ್ಟಿ ಇಳಿಯದಿದ್ದರೆ ಅಲ್ಲಿಯತನಕ ನುಚ್ಚು ಮಜ್ಜಿಗೆ ಕುಡಿ, ಹೊತ್ತಿಗೆ ಸರಿಯಾಗಿ. ಇವತ್ತು ರಾತ್ರಿ ಒಂಬತ್ತಕ್ಕೆ ಗುಳಿಗೆ ನೆನಪಿಸಲು ಫೋನ್ ಮಾಡುತ್ತೇನೆ, ನಾಳೆಯೂ ಮಾಡುತ್ತೇನೆ, ಎತ್ತಿಕೋ.

ನಿನ್ನ ತಂಗಿ